ಕಸ್ಟಮ್ಸ್ ಕಾಕಾನ ಮೂರನೆಯ ಬಾಟಲಿ

ಕಸ್ಟಮ್ಸ್ ಕಾಕಾ ತೀರಿಕೊಂಡ ಎಂಟನೆಯ ದಿನ ಮಾತಾಡಿಸಿಕೊಂಡು ಬರೋಣ ಎಂದು ಗಜೇಂದ್ರಗಡಕ್ಕೆ ಹೋದೆ. ಅವರ ಹೆಂಡತಿ, ನಾವೆಲ್ಲ ಕಾಕು ಎಂದು ಕರೆಯುವ ಹಿರಿಯರು, ಪಡಸಾಲೆಯಲ್ಲಿ ಕೂತು ಬಾಟಲಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಒಂದರಲ್ಲಿ ಅಡುಗೆಯ ಒಳ್ಳೆಣ್ಣೆ, ಒಂದರಲ್ಲಿ ಬೋರಿನ ನೀರು, ಒಂದರಲ್ಲಿ ಯಾವ ಕಾಲದ್ದೋ ಉಪ್ಪಿನಕಾಯಿಯ ರಸ. ಪ್ರತಿಯೊಂದರ ಬಾಯಿಗೂ ಕೆಂಪು ಅರಗಿನ ಸೀಲು, ಹೊಟ್ಟೆಗೆ ಚೀಟಿ, ಚೀಟಿಯ ಮೇಲೆ ಕಾಕಾನ ಗುಂಡು ಗುಂಡು ಅಕ್ಷರ. ಅಳಲು ತಯಾರಾಗಿ ಕರವಸ್ತ್ರ ಕೈಯಲ್ಲಿ ಹಿಡಿದುಕೊಂಡೇ ಹೋದವಳು ನಾನು. ಅದನ್ನು ನೋಡಿ ನಗು ತಡೆಯಲು ತುಟಿ ಕಚ್ಚಿಕೊಳ್ಳಬೇಕಾಯಿತು. ಕಾಕು ನನ್ನ ಮುಖ ನೋಡಿದವರೇ ಮೊದಲು ತಾವು ನಕ್ಕರು, ಆಮೇಲೆ ಅತ್ತರು, ಆಮೇಲೆ ಹೇಳಿದರು:

“ಮನ್ಯಾಗಿನ ಮೂರನೇ ಬಾಟ್ಲಿ ಎಲ್ಲಾ ನಾ ಒಗದು ಬಿಡ್ತೀನಿ ತಂಗಿ. ನಿಮ್ಮ ಫ್ಯಾಕ್ಟರ್‍ಯಾಗ ಏನೇನ್ ಬಚ್ಚಿಟ್ಟಾರೋ, ಅವನ್ನ ನೀನ ನೋಡ್ಕೊ.”

ಮೂರನೆಯ ಬಾಟಲಿ ಎಂದರೇನು ಎಂದು ಹೇಳಬೇಕಾದರೆ ಈ ಕಾಕಾ ಯಾರು ಎಂದು ಮೊದಲು ಹೇಳಬೇಕು. ಕರಾವಳಿಯ ಒಂದು ದೊಡ್ಡ ಬಂದರಿನಲ್ಲಿ, ಸುಂಕದ ಇಲಾಖೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೆಮಿಸ್ಟ್ ಆಗಿದ್ದವರು. ಹಡಗಿನಿಂದ ಇಳಿದ ಡ್ರಮ್ಮಿನ ಮೇಲೆ ಏನು ಬರೆದಿದೆ, ಒಳಗೆ ಏನಿದೆ, ಎರಡೂ ಒಂದೇ ಹೌದೋ ಅಲ್ಲವೋ ನೋಡುವುದು ಅವರ ಕೆಲಸ. ಲೋಕದಲ್ಲಿರುವ ಪ್ರತಿ ವಸ್ತುವಿಗೂ ಸುಂಕದ ಪುಸ್ತಕದಲ್ಲಿ ಒಂದು ಮನೆ ಇದೆಯಂತೆ, ಮನೆಗೊಂದು ನಂಬರು ಇದೆಯಂತೆ. ಯಾವ ಮಾಲು ಯಾವ ಮನೆಗೆ ಸೇರಿದ್ದು ಎಂದು ತೀರ್ಮಾನಿಸಿ ತೀರ್ಮಾನಿಸಿ ಅದೊಂದು ಚಟವೇ ಆಗಿಹೋಗಿತ್ತು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಎರಡೇ ತಿಂಗಳಲ್ಲಿ ಕಾಕು ರೋಸಿಹೋದರು. ಸಾರಿಗೂ ಹುಳಿಗೂ ನಂಬರು ಹಚ್ಚುತ್ತ ಮನೆಯಲ್ಲಿ ಕೂರುವ ಬದಲು ಎಲ್ಲಾದರೂ ದುಡಿಯಲು ಹೋಗಿರಿ ಎಂದು ಅವರೇ ಡಬ್ಬಿ ಕಟ್ಟಿ ಕಳಿಸಿದರಂತೆ.

ಹಾಗೆ ಅವರು ಬಂದದ್ದು ನಮ್ಮ ಫ್ಯಾಕ್ಟರಿಗೆ. ರೋಣದಿಂದ ನರಗುಂದಕ್ಕೆ ಹೋಗುವ ರಸ್ತೆಯಲ್ಲಿ ಯಾವಗಲ್ ದಾಟಿದರೆ ಬಲಕ್ಕೆ ಎರಡು ಎತ್ತರದ ಟಾಕಿ ಕಾಣುತ್ತವಲ್ಲ, ಅದೇ. ನರಗುಂದದ ಹತ್ತಿ ವ್ಯಾಪಾರದ ಮನೆತನದ ಸಾವಕಾರ್ರು ಹಾಕಿದ್ದು. ರೋಣ, ನರಗುಂದ, ಗಜೇಂದ್ರಗಡ ಮೂರೂ ಊರಿನ ಮಿರ್ಚಿ ಬಜ್ಜಿ ಅಂಗಡಿ, ಖಾನಾವಳಿಗಳಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಡಬ್ಬಿಗಳಲ್ಲಿ ತಂದು, ಮೆಥನಾಲ್ ಹಾಕಿ ಕಾಯಿಸಿ, ಅದರಿಂದ ಬಯೋಡೀಸೆಲ್ ತೆಗೆಯುವುದು. ರಸಾಯನಶಾಸ್ತ್ರದ ಭಾಷೆಯಲ್ಲಿ ಕೊಬ್ಬಿನಾಮ್ಲದ ಎಸ್ಟರ್. ನಮ್ಮ ಹಮಾಲರ ಭಾಷೆಯಲ್ಲಿ ಮಿರ್ಚಿ ಡೀಸೆಲ್. ಸಾವಕಾರ್ರ ಟ್ರ್ಯಾಕ್ಟರಿನ ಹಿಂದೆ ಸೈಕಲ್ ಹೊಡೆದವರಿಗೆಲ್ಲ ಹೊಗೆಯ ವಾಸನೆಗೇ ಸಂಜೆ ಹಸಿವಾಗುತ್ತಿತ್ತು.

ಅಲ್ಲಿನ ಲ್ಯಾಬಿನಲ್ಲಿ ನಾನು ಕೆಲಸಕ್ಕೆ ಸೇರಿ ವಾರವಾಗಿತ್ತು. ಹೊಳೆಆಲೂರಿನವಳು, ಬಿ.ಎಸ್ಸಿ. ಮುಗಿಸಿದವಳು, ಬಾಯಿ ಸ್ವಲ್ಪ ಜೋರು. ಒಂದು ವರ್ಷ ನೋಡಿ ಆಮೇಲೆ ಪಕ್ಕಾ ಮಾಡುತ್ತೇನೆ ಎಂದು ಸಾವಕಾರ್ರು ಹೇಳಿದ್ದರು. ಅದೇ ಒಂದು ವರ್ಷವನ್ನು ನಮ್ಮಪ್ಪನೂ ಕೊಟ್ಟಿದ್ದ. ಕೆಲಸ ಪಕ್ಕಾ ಆದರೆ ಸರಿ, ಆಗದಿದ್ದರೆ ರಾಜೂರಿನ ವರ. ಎರಡು ಟ್ರ್ಯಾಕ್ಟರ್ ಇದ್ದವನು. ನೋಡಲು ಬಂದಾಗ ಅರ್ಧ ತಾಸು ಟ್ರ್ಯಾಕ್ಟರಿನ ಬಗ್ಗೆಯೇ ಮಾತಾಡಿದ, ನನ್ನ ಹೆಸರು ಕೇಳುವುದನ್ನೂ ಮರೆತ. ಆ ವರ್ಷ ಪೂರ್ತಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಈ ಕೆಲಸ ಹೋಗಕೂಡದು.

ನಾನು ಅವರನ್ನು ಸರ್ ಎನ್ನುತ್ತಿದ್ದೆ. ಉಳಿದವರಿಗೆಲ್ಲ ಅವರು ಕಸ್ಟಮ್ಸ್ ಕಾಕಾ. ಗಜೇಂದ್ರಗಡದಿಂದ ಒಂದು ಬಸ್ಸಿನಲ್ಲಿ ಬಂದು ರೋಣದಲ್ಲಿ ಇಳಿದು ನರಗುಂದದ ಬಸ್ಸು ಹಿಡಿಯುತ್ತಿದ್ದರು. ಅಲ್ಲಿಂದ ನಾನೂ ಜೊತೆ. ಆ ಬಸ್ಸಿನಲ್ಲಿ ಅವರಿಂದ ತೊಂದರೆ ಅನುಭವಿಸದ ಕಂಡಕ್ಟರ್ ಇಲ್ಲ. ಒಮ್ಮೆ ಒಬ್ಬ ಅಜ್ಜಿ ಕೈಚೀಲದಲ್ಲಿ ಕೋಳಿ ತಂದಿದ್ದಳು. ಕಂಡಕ್ಟರು ಕೋಳಿಗೆ ಅರ್ಧ ಟಿಕೆಟ್ ಎಂದ, ಅಜ್ಜಿ ಅದು ಚೀಲದ ಸಾಮಾನು ಎಂದಳು. ಸರ್ ಕನ್ನಡಕ ಏರಿಸಿಕೊಂಡು ತೀರ್ಪು ಕೊಟ್ಟರು: ಉಸಿರಾಡುತ್ತದೆ, ಆದ್ದರಿಂದ ಸಾಮಾನಲ್ಲ, ಅರ್ಧ ಟಿಕೆಟ್ ತಗೊಳ್ಳಲೇಬೇಕು. ಕಂಡಕ್ಟರು ಹಿಗ್ಗಿದ. ಟಿಕೆಟ್ ಹರಿದು ಕೊಟ್ಟ ಮೇಲೆ ಸರ್ ಅವನ ಸೀಟು ತೋರಿಸಿದರು. ಟಿಕೆಟ್ ಇದ್ದ ಪ್ರಯಾಣಿಕ ನಿಂತು ಹೋಗಬೇಕೇನು, ಏಳು, ಕೂರಿಸು. ಯಾವಗಲ್‌ವರೆಗೂ ಕೋಳಿ ಕೂತು ಬಂತು, ಕಂಡಕ್ಟರು ನಿಂತು ಬಂದ.

ಲ್ಯಾಬಿಗೆ ಬಂದ ಎಣ್ಣೆಯ ಡಬ್ಬಿ ತೆರೆದು ಮೂಸಿದರೆ ಯಾವ ಊರಿನದೆಂದು ಹೇಳುತ್ತಿದ್ದರು. ಅಜಿವಾನದ ವಾಸನೆ ಮೂಗಿಗೆ ಹೊಡೆದರೆ ರೋಣದ್ದು, ಬಳ್ಳೊಳ್ಳಿಯದು ಬಂದರೆ ನರಗುಂದದ್ದು, ಮೂಗಿಗೆ ಏನೂ ಬಾರದೆ ಕಣ್ಣಲ್ಲಿ ನೀರು ಬಂದರೆ ತಮ್ಮ ಸ್ವಂತ ಗಜೇಂದ್ರಗಡದ್ದು. ನಾನು ಒಮ್ಮೆ ಮೂರನ್ನೂ ಕಲಸಿ ಮುಂದಿಟ್ಟೆ. ಮೂಸಿ ಮೂಸಿ ಸುಸ್ತಾಗಿ, ಇದು ಹೊಳೆಆಲೂರಿನ ಕಿಡಿಗೇಡಿತನದ್ದು ಎಂದರು.

ಅವರ ಎಲ್ಲ ಧರ್ಮಗ್ರಂಥಗಳ ಸಾರ ಇಷ್ಟೇ: ಯಾವ ಮಾಲಿಗೂ ಮೂರು ಬಾಟಲಿ. ಮೊದಲನೆಯದು ಪರೀಕ್ಷೆಗೆ. ಎರಡನೆಯದು ಮಾಲಿನ ಮಾಲಕನಿಗೆ. ಮೂರನೆಯದು ಸೀಲು ಹಾಕಿ ಕಪಾಟಿಗೆ, ನಾಳೆ ಜಗಳ ಬಂದರೆ ತೆರೆಯಲು. ಬಂದರಿನಲ್ಲಿ ಇದು ಸರಿಯೇ. ಮನೆಯಲ್ಲಿ? ದಿನಾ ಬರುವ ಎಮ್ಮೆ ಹಾಲಿನಲ್ಲಿ ನೀರಿದೆ ಎಂದು ಗೌಳಿಗಿತ್ತಿಯೊಡನೆ ತಕರಾರು ತೆಗೆದು ಹಾಲಿಗೂ ಮೂರು ಬಾಟಲಿ ಮಾಡಿದರು. ಜಗಳ ಮರುದಿನವೇ ಮುಗಿಯಿತು, ಮೂರನೆಯ ಬಾಟಲಿ ಮಾತ್ರ ಕಪಾಟಿನಲ್ಲಿ ಉಳಿಯಿತು. ಐದನೆಯ ದಿನ ಬೀಗರು ಊಟಕ್ಕೆ ಕೂತಾಗ ಅದು ಢಂ ಎಂದಿತು. ಅರಗಿನ ಬಿಲ್ಲೆ ಹೋಗಿ ಜಂತಿಗೆ ಅಂಟಿತು. ಅದು ಈಗಲೂ ಅಲ್ಲೇ ಇದೆ, ಮಾತಾಡಿಸಲು ಹೋದ ಆ ದಿನ ಕಾಕು ನನಗೆ ಬೆರಳು ಮಾಡಿ ತೋರಿಸಿದರು.

ಕಲಿಸುವುದರಲ್ಲಿ ಮಾತ್ರ ಅಂಥವರನ್ನು ನಾನು ಮತ್ತೆ ನೋಡಿಲ್ಲ. ಎಣ್ಣೆ ಒಂದೇ, ಜನ್ಮ ಹಲವು ಎಂದು ಹೇಳುತ್ತಿದ್ದರು. ಗಾಣದಿಂದ ಬಂದಾಗ ಅದು ಅಡುಗೆ ಎಣ್ಣೆ, ಒಂದು ಮನೆ. ಮಿರ್ಚಿ ಕರಿದಾದ ಮೇಲೆ ಕೆಟ್ಟೆಣ್ಣೆ, ಬೇರೆ ಮನೆ. ನಾವು ಎಸ್ಟರ್ ಮಾಡಿದ ಮೇಲೆ ಅದು ಗುಣಮಟ್ಟದ ಪರೀಕ್ಷೆ ಪಾಸಾದರೆ ಬಯೋಡೀಸೆಲ್, ಅದಕ್ಕೆ ತನ್ನದೇ ಮನೆ. ಪಾಸಾಗದಿದ್ದರೆ ಬರೀ ರಾಸಾಯನಿಕ ಮಿಶ್ರಣ, ಹೆಸರಿಲ್ಲದವರೆಲ್ಲ ಇರುವ ಧರ್ಮಶಾಲೆಗೆ. ಪಾಸಾಗಲು ಬೇಕಾದದ್ದು ಹಲವು, ನೀರು ಕಡಿಮೆ, ಆಮ್ಲ ಕಡಿಮೆ, ಬೆಂಕಿ ಹತ್ತುವ ಶಾಖ ಇಷ್ಟು ಎಂದೆಲ್ಲ. ಅದರಲ್ಲಿ ನಮ್ಮ ಪ್ರಾಣ ಹಿಂಡುತ್ತಿದ್ದದ್ದು ಒಂದು: ನೂರರಲ್ಲಿ ಎಸ್ಟರ್ ತೊಂಬತ್ತಾರೂವರೆ ಇರಬೇಕು. 96.5. ಅದಕ್ಕಿಂತ ಕೂದಲೆಳೆ ಕಡಿಮೆಯಾದರೂ ಧರ್ಮಶಾಲೆ.

ಫ್ಯಾಕ್ಟರಿಗೆ ಬಂದ ಮೊದಲನೆಯ ವಾರವೇ ಅವರು ನನ್ನನ್ನು ಕೇಳಿದ್ದರು: ಯಂತ್ರ ಕೊಟ್ಟ ಅಂಕಿಯ ಕೊನೆಗೆ ಐದು ಬಂದರೆ ಏನು ಮಾಡುತ್ತಿ? ಮೇಲೇರಿಸುತ್ತೇನೆ ಎಂದೆ, ಹೊಳೆಆಲೂರಿನ ಸಾಲಿಯಲ್ಲಿ ಹಾಗೇ ಕಲಿತಿದ್ದೆ. ಹಣೆ ಬಡಿದುಕೊಂಡರು. ಮಾನಕದ ನಿಯಮ ಹಾಗಲ್ಲವಂತೆ. ಐದರ ಹಿಂದಿನ ಅಂಕಿ ಬೆಸ ಇದ್ದರೆ ಮಾತ್ರ ಒಂದು ಕೂಡಿಸಬೇಕು, ಸಮ ಇದ್ದರೆ ಐದನ್ನು ಕೈಬಿಟ್ಟು ಅದನ್ನು ಹಾಗೇ ಬಿಡಬೇಕು. 96.35 ಬಂದರೆ 96.4. 96.45 ಬಂದರೂ 96.4.

“ಐದ ಬಂದಾಗೊಮ್ಮೆ ಮ್ಯಾಲ ಹತ್ತಿಸಿಕೋತ ಹೋದ್ರ ಊರಾಗ ಫೇಲ್ ಆಗಾಂವ ಯಾರ ಉಳದಾರು?” ಎಂದರು. “ಅರ್ಧ ಮಂದಿ ಮ್ಯಾಲ ಹೋಗ್ಲಿ, ಅರ್ಧ ಮಂದಿ ಕೆಳಗ ಇಳಿಲಿ. ಅದು ನ್ಯಾಯ.”

ನಾನು ವಹಿಯ ಮೊದಲ ಪುಟದಲ್ಲಿ ಬರೆದುಕೊಂಡೆ, ಕೆಳಗೆ ಗೆರೆಯನ್ನೂ ಎಳೆದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಗೊತ್ತಿರಲಿಲ್ಲ ಎಂದು ಆಮೇಲೆ ಯಾರೂ ನನ್ನ ಪರವಾಗಿ ವಾದಿಸಬಾರದು.

ಆ ವರ್ಷದ ಚಳಿಗಾಲದಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಖರೀದಿದಾರರು ನಮ್ಮ ಡೀಸೆಲ್ ಕೇಳಿದರು. ಒಳ್ಳೆಯ ಆರ್ಡರ್, ಆದರೆ ಪ್ರತಿ ಟ್ಯಾಂಕರಿಗೂ ಪರೀಕ್ಷೆಯ ಸರ್ಟಿಫಿಕೇಟ್ ಬೇಕು. ನಮ್ಮ ಟಾಕಿಯಲ್ಲಿ ಇದ್ದದ್ದು 96.1. ಸಾವಕಾರ್ರು ಚಡಪಡಿಸುತ್ತಿದ್ದಾಗ ಮುಂಬಯಿಯಿಂದ ಒಬ್ಬ ದಲಾಲಿ ಬಂದ. ಬೂಟು ಮಿಂಚುತ್ತಿತ್ತು, ಕಪ್ಪು ಕನ್ನಡಕವನ್ನು ಲ್ಯಾಬಿನೊಳಗೂ ತೆಗೆಯಲಿಲ್ಲ. ಹೊರದೇಶದ ಎಸ್ಟರ್ ತರಿಸಿ ಕೊಡುತ್ತೇನೆ, ನಿಮ್ಮದರಲ್ಲಿ ಅಷ್ಟಿಷ್ಟು ಕಲಸಿರಿ, ತೊಂಬತ್ತಾರೂವರೆ ದಾಟುತ್ತದೆ ಎಂದ. ಅಗ್ಗ ಹೇಗೆ ಎಂದು ಸಾವಕಾರ್ರು ಕೇಳಿದರು. ಅವನು ದನಿ ತಗ್ಗಿಸಿ, ಕಾಗದದಲ್ಲಿ ಅದು ಬಯೋಡೀಸೆಲ್ ಅಲ್ಲ, ಸಾಬೂನು ಬಣ್ಣದವರಿಗೆ ಬೇಕಾಗುವ ಮಿಶ್ರಣ, ಎಸ್ಟರ್ ತೊಂಬತ್ನಾಲ್ಕು ಎಂದು ತೋರಿಸಿದ್ದೇವೆ, ಸುಂಕ ಹಗುರ ಎಂದ.

ನಮ್ಮ ಸರ್ ಮೂಲೆಯಲ್ಲಿ ಕೂತು ಮಿರ್ಚಿ ತಿನ್ನುತ್ತಿದ್ದರು. ಬಾಯಿ ಒರೆಸಿಕೊಂಡು ಬಹಳ ವಿನಯದಿಂದ ಎದ್ದು ಬಂದರು. ಅವರ ವಿನಯ ಕಂಡಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಲು ನಿಲ್ಲುತ್ತಿದ್ದೆ. ತಾನು ಮುದುಕ, ಲೆಕ್ಕ ಹಿಂದಿನಂತೆ ಬರುವುದಿಲ್ಲ, ಸ್ವಲ್ಪ ತಿಳಿಸಿ ಹೇಳಬೇಕು ಎಂದು ದಲಾಲಿಯ ಕೈಗೆ ಪೆನ್ನು ಕೊಟ್ಟರು. ತೊಂಬತ್ತಾರು ಇದ್ದದ್ದಕ್ಕೆ ತೊಂಬತ್ನಾಲ್ಕು ಕೂಡಿಸಿದರೆ ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ? ದಲಾಲಿ ನಕ್ಕು, ಅದು ಕಾಗದದ ಲೆಕ್ಕ, ಒಳಗೆ ಇರುವುದು ತೊಂಬತ್ತೆಂಟು ಎಂದ. ಹಾಗಾದರೆ ಅದು ಬಯೋಡೀಸೆಲ್ ಆಯಿತಲ್ಲ, ಕಾಗದ ಸುಳ್ಳಾಯಿತಲ್ಲ ಎಂದರು ಇವರು. ಇಲ್ಲ ಇಲ್ಲ, ಕಾಗದ ಖರೇ ಎಂದ ಅವನು. ಹಾಗಾದರೆ ಕಲಸಿ ಉಪಯೋಗವಿಲ್ಲವಲ್ಲ ಎಂದರು ಇವರು. ದಲಾಲಿ ಕನ್ನಡಕ ತೆಗೆದ.

“ಒಂದ ಮಾಡೂಣ್ರಿ ಸಾಹೇಬ್ರ,” ಎಂದು ಸರ್ ಅರಗಿನ ಕಡ್ಡಿ ಕಾಯಿಸಲು ಶುರು ಮಾಡಿದರು. “ನೀವು ತಂದ ಸ್ಯಾಂಪಲ್ ಮೂರ ಬಾಟ್ಲಿ ಮಾಡ್ತೀನಿ. ನಿಮ್ಮ ಕೈಲೆ ಬರೀರಿ, ಒಳಗ ಎಷ್ಟೈತಿ ಅಂತ. ತೊಂಬತ್ನಾಕ ಬರದ್ರೂ ಚಲೋನ, ತೊಂಬತ್ತೆಂಟ ಬರದ್ರೂ ಚಲೋನ. ಸಹಿ ಒಂದ ಇರ್ಲಿ.”

ಅಷ್ಟರಲ್ಲಿ ದಲಾಲಿಗೆ ಯಾರದೋ ಫೋನು ಬಂತು. ರಿಂಗ್ ಆದದ್ದು ನಮ್ಮಲ್ಲಿ ಯಾರಿಗೂ ಕೇಳಿಸಲಿಲ್ಲ. ಮಾತಾಡುತ್ತ ಹೊರಗೆ ಹೋದವನ ಕಾರು ನರಗುಂದದ ದಿಕ್ಕಿಗೆ ದೂಳೆಬ್ಬಿಸಿದ್ದನ್ನು ಕಿಟಕಿಯಿಂದ ನೋಡಿದೆವು. ಸ್ಯಾಂಪಲ್ಲಿನ ಬಾಟಲಿಯನ್ನೂ ಬಿಟ್ಟು ಹೋಗಿದ್ದ. ಸರ್ ಅದನ್ನು ಪರೀಕ್ಷೆ ಮಾಡಿಸಲೂ ಇಲ್ಲ, ಮಾಲಕರು ಇಲ್ಲದ ಮಾಲು ಎಂದು ಚೀಟಿ ಹಚ್ಚಿ ಕಪಾಟಿಗೆ ಸೇರಿಸಿದರು. ಸಾವಕಾರ್ರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ಇನ್ನು ಹೊರಗಿನ ಮಾಲು ಬೇಡ, ಈ ಟಾಕಿಯನ್ನೇ ಮತ್ತೆ ಕಾಯಿಸಿ ತೊಂಬತ್ತಾರೂವರೆ ಮಾಡಿಕೊಡು, ಟ್ಯಾಂಕರ್ ಹೊರಟ ದಿನ ನಿನ್ನ ಕೆಲಸ ಪಕ್ಕಾ ಎಂದರು.

ಹದಿನೈದು ದಿನ ಹಗಲೆಲ್ಲ ಟಾಕಿಯ ಬುಡದಲ್ಲೇ ಇದ್ದೆ. ಮತ್ತೆ ಮೆಥನಾಲ್ ಹಾಕಿಸಿದೆ, ತೊಳೆಸಿದೆ, ನೀರು ಆರಿಸಿದೆ. ಮನೆಯಿಂದ ಅಪ್ಪ ಫೋನು ಮಾಡಿ ವರ್ಷ ತುಂಬಲು ಬಂತು, ರಾಜೂರಿನವರು ಕೇಳುತ್ತಿದ್ದಾರೆ ಎಂದ. ಟ್ಯಾಂಕರ್ ಬರುವ ದಿನ ಬೆಳಿಗ್ಗೆ ಸರ್ ಇನ್ನೂ ಬಂದಿರಲಿಲ್ಲ, ಗಜೇಂದ್ರಗಡದ ಬಸ್ಸು ಕೆಟ್ಟು ದಾರಿಯಲ್ಲಿ ನಿಂತಿತ್ತು. ನಾನೇ ಯಂತ್ರಕ್ಕೆ ಸ್ಯಾಂಪಲ್ ಹಾಕಿ ಕೂತೆ. ಕಾಗದ ಹೊರಗೆ ಬಂತು. 96.45.

ಅದನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ. ವಹಿಯ ಮೊದಲ ಪುಟ ನೆನಪಿತ್ತು, ಕೆಳಗೆ ಎಳೆದ ಗೆರೆಯೂ ನೆನಪಿತ್ತು. ಆದರೂ ಸಾಲಿ ಹುಡುಗಿಯ ಹಾಗೆ ಐದನ್ನು ಮೇಲೆ ಹತ್ತಿಸಿ 96.5, ಪಾಸ್ ಎಂದು ಬರೆದು ಸಹಿ ಮಾಡಿದೆ. ಮರೆತು ಮಾಡಿದ್ದಲ್ಲ. ಮರೆತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಮಾಡಿದ್ದು. ಕೆಳಗೆ ತಾರೀಖನ್ನೂ ಚಂದ ಮಾಡಿ ಬರೆದೆ, ಸುಡು, ಅದೇ ಇವತ್ತಿಗೂ ನಾಚಿಕೆ. ಟ್ಯಾಂಕರ್ ತುಂಬಿತು, ತೂಕದ ಕಾಟಾದ ಮೇಲೆ ನಿಂತಿತು, ಡ್ರೈವರ್ ಚಹಾ ಕುಡಿಯಲು ಹೋದ.

ಆಗ ಸರ್ ಬಂದರು. ಕೈಯಲ್ಲಿ ಎಂದಿನಂತೆ ರೋಣದ ಬಸ್‌ಸ್ಟ್ಯಾಂಡಿನ ಮಿರ್ಚಿಯ ಪೊಟ್ಟಣ. ಕೂತು, ನೀರು ಕುಡಿದು, ಯಂತ್ರದ ಕಾಗದ ಒಂದು ಕಡೆ, ನನ್ನ ಸರ್ಟಿಫಿಕೇಟ್ ಒಂದು ಕಡೆ ಇಟ್ಟುಕೊಂಡು ಎರಡನ್ನೂ ಓದಿದರು. ನಾನು ಕಿಟಕಿಯ ಹೊರಗಿನ ಜೋಳದ ಹೊಲವನ್ನು ಅಷ್ಟು ಶ್ರದ್ಧೆಯಿಂದ ಹಿಂದೆಂದೂ ನೋಡಿರಲಿಲ್ಲ. ಅವರು ಬಯ್ಯಲಿಲ್ಲ. ಪೊಟ್ಟಣ ಬಿಚ್ಚಿದರು. ಬಿಸಿ ಬಿಸಿ ಮಿರ್ಚಿ ಒಂದೊಂದಾಗಿ ತೆಗೆದು ನನ್ನ ಸರ್ಟಿಫಿಕೇಟಿನ ಮೇಲೆ ಸಾಲಾಗಿ ಇಟ್ಟರು. ನನ್ನ ಸಹಿಯ ಮೇಲೆ ಒಂದು, ಪಾಸ್ ಎಂಬುದರ ಮೇಲೆ ಒಂದು. ಎಣ್ಣೆ ಹರಡುತ್ತ ಹೋಯಿತು.

“ಮಾಲಿನ ವರ್ಗ ಯಾವುದು ಅನ್ನೋದು ಅದನ್ನ ಎದಕ್ಕ ಬಳಸ್ತಾರ ಅನ್ನೋದರ ಮ್ಯಾಲೂ ಐತಿ ತಂಗಿ,” ಎಂದರು. “ಈಗ ಇದು ಸರ್ಟಿಫಿಕೇಟ್ ಅಲ್ಲ. ಮಿರ್ಚಿ ಕಾಗದ. ತಿನ್ನು. ತಿಂದಾದ ಮ್ಯಾಲ ಖರೇದ್ದೊಂದು ಬರಿ.”

ಒಂದೇ ಒಂದು ಮಿರ್ಚಿ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಹೇಳಿಕೊಳ್ಳಲು ಅನುಕೂಲವಾಯಿತು. ಹೊಸ ಕಾಗದದಲ್ಲಿ 96.4, ಫೇಲ್ ಎಂದು ಬರೆದು ಸಹಿ ಮಾಡಿ, ಹೊರಗೆ ಹೋಗಿ ಕಾಟಾದವನಿಗೆ ಟ್ಯಾಂಕರ್ ಬಿಡಬೇಡ ಎಂದೆ. ಟ್ಯಾಂಕರಿನ ಜೊತೆ ನನ್ನ ಕೆಲಸವೂ ಅಲ್ಲೇ ನಿಂತಿತು ಎಂದು ಲೆಕ್ಕ ಹಾಕಿಕೊಂಡೆ. ರಾಜೂರಿನ ಎರಡು ಟ್ರ್ಯಾಕ್ಟರೂ ನನ್ನ ಕಡೆಗೇ ಬರುತ್ತಿರುವಂತೆ ಕಂಡವು.

ಅರ್ಧ ತಾಸಿನಲ್ಲಿ ಸಾವಕಾರ್ರ ಜೀಪು ಗೇಟಿನಲ್ಲಿ ಬಂದು ನಿಂತಿತು. ಇಳಿಯುವುದರೊಳಗೆ ಕೂಗು ಶುರುವಾಗಿತ್ತು: ಯಾರು ನಿಲ್ಲಿಸಿದ್ದು? ಕಾಟಾದವನು ಮೆಲ್ಲಗೆ ಹಿಂದೆ ಸರಿದ. ನಾನು ಬಾಯಿ ತೆರೆದೆ, ನಡೆದದ್ದನ್ನೆಲ್ಲ ಹೇಳಿಬಿಡಬೇಕು ಎಂದೇ ತೆರೆದೆ. ಅಷ್ಟರಲ್ಲಿ ಲ್ಯಾಬಿನಿಂದ ಹೊರಗೆ ಬಂದ ಸರ್ ಅರ್ಧ ತಿಂದ ಮಿರ್ಚಿಯನ್ನೇ ನನ್ನ ಕಡೆ ಚಾಚಿದರು.

“ಈಕಿರಿ,” ಎಂದರು. “ನಾ ಬರೋದ್ರಾಗ ಫೇಲ್ ಅಂತ ಬರದ ಕುಂತಿದ್ಲು. ಒಂದ ಐದಿನ ಸಲುವಾಗಿ ಯಾಕ ಹಟ, ಪಾಸ್ ಮಾಡಿಬಿಡು ಅಂತ ನಾನೂ ಹೇಳಿ ನೋಡಿದೆ. ಒಲ್ಲೆ ಅಂದ್ಲು.”

ನೋಡಿ, ಹೇಗಿದೆ! ಸುಳ್ಳು ಹೇಳಿದ್ದಷ್ಟೇ ಅಲ್ಲ, ನನ್ನ ತಪ್ಪನ್ನು ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು, ಅದೂ ಮಿರ್ಚಿ ತಿನ್ನುತ್ತ. ಸಾವಕಾರ್ರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಬಂದರಿನಲ್ಲಿ ಹಡಗು ನಿಲ್ಲಿಸಿದ ಮನುಷ್ಯನೇ ಬಿಡು ಎಂದರೂ ಬಿಡದ ಹುಡುಗಿ ಎಂದರೆ ಸಾಮಾನ್ಯವೇ? ಕೋಪ ಇಳಿಯಿತು. ಏನೋ ಗೊಣಗಿ, ಮತ್ತೆ ಕಾಯಿಸಿರಿ ಎಂದು ಹೇಳಿ ಹೋದರು. ನಾಲ್ಕು ದಿನದಲ್ಲಿ 96.9 ಬಂತು. ತಡವಾದದ್ದು ಯಾಕೆ ಎಂಬ ಕತೆ ಕೇಳಿ ಖರೀದಿದಾರರು ಸಿಟ್ಟಾಗುವ ಬದಲು ಮುಂದಿನ ಆರ್ಡರನ್ನೂ ನಮಗೇ ಕೊಟ್ಟರು. ನನ್ನ ಕೆಲಸ ಪಕ್ಕಾ ಆಯಿತು.

ಆಮೇಲೆ ನನ್ನ ಮೆರವಣಿಗೆಯೇ ಮೆರವಣಿಗೆ. ಫ್ಯಾಕ್ಟರಿಗೆ ಯಾರೇ ಬರಲಿ, ಸಾವಕಾರ್ರು ನನ್ನನ್ನು ಕರೆದು ಟ್ಯಾಂಕರ್ ನಿಲ್ಲಿಸಿದಾಕಿ ಎಂದು ತೋರಿಸುವರು. ಅಪ್ಪ ಹೊಳೆಆಲೂರಿನ ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತು ಅದನ್ನೇ ಹೇಳಿ ಹೇಳಿ ಟ್ಯಾಂಕರನ್ನು ರೈಲಿನಷ್ಟು ಉದ್ದ ಮಾಡಿದ. ಸುದ್ದಿ ರಾಜೂರಿಗೂ ಮುಟ್ಟಿತು. ಟ್ಯಾಂಕರ್ ನಿಲ್ಲಿಸುವ ಹುಡುಗಿ ನಾಳೆ ಟ್ರ್ಯಾಕ್ಟರೂ ನಿಲ್ಲಿಸಿಯಾಳು ಎಂದು ಅವರೇ ಹಿಂದೆ ಸರಿದರು. ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಮಾತ್ರ ಗಂಟಲಲ್ಲಿ ಆ ಒಂದು ಮಿರ್ಚಿ ಸಿಕ್ಕಿಕೊಳ್ಳುತ್ತಿತ್ತು.

ಒಂದು ದಿನ ತಡೆಯದೆ ಬಸ್ಸಿನಲ್ಲಿ ಕೇಳಿಯೇ ಬಿಟ್ಟೆ, ಯಾಕೆ ಹಾಗೆ ಸುಳ್ಳು ಹೇಳಿದಿರಿ ಎಂದು. ಅವರು ಕಿಟಕಿಯ ಹೊರಗೆ ನೋಡುತ್ತ, ಮೂವತ್ತು ವರ್ಷ ಮಂದಿಯ ಸುಳ್ಳು ಘೋಷಣೆ ಹಿಡಿದು ಹಿಡಿದು ಬೇಸರ ಬಂದಿತ್ತು, ಒಂದನ್ನು ತಾನೂ ಮಾಡಿ ನೋಡೋಣ ಅನಿಸಿತು ಎಂದರು. ನಾನು ಆ ಹೊಗಳಿಕೆಗೆ ಲಾಯಕ್ಕಲ್ಲ ಎಂದೆ.

“ಮಾಲು ಇನ್ನೂ ದಾರ್‍ಯಾಗ ಐತಿ,” ಎಂದರು. “ಮುಟ್ಟಿದ ಮ್ಯಾಲ ನೋಡೂಣು, ಡ್ರಮ್ಮಿನ ಮ್ಯಾಲ ಬರದದ್ದೂ ಒಳಗಿಂದೂ ಒಂದ ಐತೋ ಇಲ್ಲೋ.”

ಆಮೇಲೆ ಟಿಕೆಟ್ ಕೇಳಲು ಬಂದ ಕಂಡಕ್ಟರನ್ನು ಹಿಡಿದುಕೊಂಡರು, ಆ ಮಾತು ಅಲ್ಲಿಗೇ ನಿಂತಿತು. ವರ್ಷಗಳು ಕಳೆದರೂ ನಾನೂ ಮತ್ತೆ ಎತ್ತಲಿಲ್ಲ. ಹೋದ ವರ್ಷ ಮೊಣಕಾಲು ನೋವೆಂದು ಬರುವುದು ಬಿಟ್ಟರು. ನೋಡಲು ಹೋದಾಗಲೆಲ್ಲ ಡಾಕ್ಟರು ಕೊಟ್ಟ ಎಣ್ಣೆ ಯಾವ ಮನೆಗೆ ಸೇರಿದ್ದು, ಔಷಧಿಯೋ ಬರೀ ಸುಗಂಧದ್ರವ್ಯವೋ ಎಂದು ತಕರಾರು ತೆಗೆಯುತ್ತಿದ್ದರು. ಹೋದ ತಿಂಗಳು ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲೇ ಇಲ್ಲ.

ಕಾಕು ಹೇಳಿದ ಮಾತು ತಲೆಯಲ್ಲಿ ಇಟ್ಟುಕೊಂಡು ಮರುದಿನ ಲ್ಯಾಬಿನ ದೊಡ್ಡ ಕಪಾಟು ತೆರೆದೆ. ದಲಾಲಿಯ ಅನಾಥ ಬಾಟಲಿ ಅಲ್ಲೇ ಇತ್ತು. ಅದರ ಹಿಂದೆ, ಕೆಳಗಿನ ಸಾಲಿನ ಮೂಲೆಯಲ್ಲಿ, ದಪ್ಪ ಖಾಕಿ ಕಾಗದ ಸುತ್ತಿದ ಒಂದು ಪೊಟ್ಟಣ. ದಾರ ಬಿಗಿದು ಗಂಟಿನ ಮೇಲೆ ಅರಗು ಹಾಕಿದ್ದರು. ಚೀಟಿಯ ಮೇಲೆ ಆ ದಿನದ ತಾರೀಖು, ಆ ಟಾಕಿಯ ನಂಬರು, ಕೆಳಗೆ “ಮೂರನೆಯದು”. ನಾನು ಅಲ್ಲೇ ನೆಲದ ಮೇಲೆ ಕೂತೆ. ನನ್ನ 96.45. ಇಷ್ಟು ವರ್ಷ ಈ ಮನುಷ್ಯ ನನ್ನನ್ನು ಪೂರ್ತಿ ನಂಬಿದ್ದರು ಎಂದುಕೊಂಡಿದ್ದೆ. ಮುದುಕ ನನ್ನ ಮೇಲೂ ಜಗಳದ ಬಾಟಲಿ ಇಟ್ಟಿದ್ದ! ಸಿಟ್ಟು ಬಂತು, ಹೇಳಲಾರದಷ್ಟು ಸಿಟ್ಟು. ಸತ್ತವರ ಮೇಲೆ ಸಿಟ್ಟು ಮಾಡಿದರೆ ಹೋಗಿ ಎಲ್ಲಿ ಜಗಳ ತೆಗೆಯಬೇಕು?

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ತೊಳೆಯುವ ತೊಟ್ಟಿ ಎರಡು ಹೆಜ್ಜೆ ದೂರ. ಸೀಲು ಒಡೆದು ಸುರಿದು ನಲ್ಲಿ ಬಿಟ್ಟರೆ ಟ್ಯಾಂಕರ್ ನಿಲ್ಲಿಸಿದಾಕಿ ಸಾಯುವ ತನಕ ಟ್ಯಾಂಕರ್ ನಿಲ್ಲಿಸಿದಾಕಿಯೇ. ತೊಟ್ಟಿಯ ತನಕ ಹೋದೆ, ಅದನ್ನೂ ಮುಚ್ಚಿಡುವುದಿಲ್ಲ. ಅಲ್ಲಿ ನಿಂತಾಗ ನೆನಪಾದದ್ದು ಅವರ ಮುಖವಲ್ಲ, ನನ್ನ ಸಹಿಯ ಮೇಲೆ ಸಾವಧಾನವಾಗಿ ಮಿರ್ಚಿ ಇಟ್ಟ ಆ ಬೆರಳುಗಳು. ಪೊಟ್ಟಣವನ್ನು ಎದೆಗೆ ಅವಚಿಕೊಂಡು ಸಾವಕಾರ್ರ ಖೋಲಿಗೆ ಹೋದೆ.

ಮೇಜಿನ ಮೇಲೆ ಇಟ್ಟು ಎಲ್ಲ ಹೇಳಿದೆ. ಐದನ್ನು ಮೇಲೆ ಹತ್ತಿಸಿದ್ದು, ಬೇಕೆಂದೇ ಹತ್ತಿಸಿದ್ದು, ಮಿರ್ಚಿ ಕಾಗದ, ಗೇಟಿನಲ್ಲಿ ಅವರು ಹೇಳಿದ್ದು ಹಸಿ ಸುಳ್ಳು ಎಂಬುದು. ಟ್ಯಾಂಕರ್ ನಿಲ್ಲಿಸಿದ್ದು ಅವರು, ನಾನಲ್ಲ ಎಂದೆ. ಸಾವಕಾರ್ರು ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ಚೀಟಿ ಓದಿದರು. ಕೆಲಸ ಹೋಯಿತು ಎಂದೇ ತಿಳಿದೆ. ವಿಚಿತ್ರವೆಂದರೆ ಗಂಟಲಲ್ಲಿ ಸಿಕ್ಕಿದ್ದ ಮಿರ್ಚಿ ಅಷ್ಟರಲ್ಲೇ ಇಳಿದುಹೋಗಿತ್ತು.

“ಒಡಿ ಸೀಲು,” ಎಂದರು ಕೊನೆಗೆ. “ಏನೈತಿ ನೋಡೂಣು.”

ಅರಗು ಒಡೆದೆ, ದಾರ ಬಿಚ್ಚಿದೆ, ಖಾಕಿ ಕಾಗದ ತೆಗೆದೆ. ಒಳಗೆ ಬಾಟಲಿಗೆ ಇನ್ನೊಂದು ಕಾಗದ ಸುತ್ತಿತ್ತು. ಎಣ್ಣೆ ಹೀರಿ ಗಾಜಿನಂತಾಗಿದ್ದ ಕಾಗದ. 96.5, ಪಾಸ್, ನನ್ನ ಸಹಿ. ಮಿರ್ಚಿ ತಿಂದು ಮುದ್ದೆ ಮಾಡಿ ಒಗೆದಿದ್ದಾರೆ ಎಂದು ನಾನು ತಿಳಿದಿದ್ದ ಅದೇ ಸರ್ಟಿಫಿಕೇಟ್. ಹಿಂದುಗಡೆ ಗುಂಡು ಅಕ್ಷರದಲ್ಲಿ ಏನೋ ಬರೆದಿತ್ತು. ನನಗೆ ಓದಲಾಗಲಿಲ್ಲ, ಕಣ್ಣು ಮಂಜಾಗಿತ್ತು. ಸಾವಕಾರ್ರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು:

“ಈ ಸೀಲನ್ನು ಈಕೆಯೇ ತಂದು ಸಾವಕಾರ್ರ ಮುಂದೆ ಒಡೆದಿದ್ದರೆ, ಮಾಲು ಮುಟ್ಟಿತು. ನಾನು ಗೇಟಿನಲ್ಲಿ ಮಾಡಿದ ಘೋಷಣೆ ಸರಿ ಎಂದು ತಿಳಿಯತಕ್ಕದ್ದು. ಕದ್ದು ಒಡೆದಿದ್ದರೆ ಘೋಷಣೆ ಸುಳ್ಳು. ದಂಡ ನನ್ನ ಮೇಲೆ.”

ಸಾವಕಾರ್ರು ಕಾಗದವನ್ನು ಮಡಚಿದರು, ಮತ್ತೆ ಬಿಚ್ಚಿದರು. ಮೂಗು ಸೀಟಿಕೊಂಡರು. ಸತ್ತ ಮೇಲೂ ತನ್ನನ್ನು ಸಾಕ್ಷಿಗೆ ಕರೆಸಿದ ಮನುಷ್ಯನನ್ನು ಏನೆನ್ನಬೇಕು ಎಂದು ಗೋಡೆಯನ್ನು ಕೇಳಿದರು. ಆಮೇಲೆ ಬಾಟಲಿಯನ್ನು ನನ್ನ ಕಡೆ ತಳ್ಳಿ, ತೆರೆದ ಮೇಲೆ ಪರೀಕ್ಷೆ ಮಾಡದಿದ್ದರೆ ಅವರು ಬಿಡುವವರಲ್ಲ, ಹೋಗಿ ನೋಡು ಎಂದರು.

ಬಿರಡೆ ತೆಗೆದಾಗಲೇ ಕಮಟು ವಾಸನೆ ಹೊಡೆಯಿತು. ಇಷ್ಟು ವರ್ಷ ಕೂತ ಎಸ್ಟರ್ ಇನ್ನೇನಾಗಬೇಕು? ಆದರೂ ಪದ್ಧತಿ ಬಿಡಲಿಲ್ಲ. ಆಮ್ಲ ನೋಡಿದೆ, ನೀರು ನೋಡಿದೆ, ಯಂತ್ರಕ್ಕೂ ಹಾಕಿದೆ. ಬಂದ ಅಂಕಿಗಳನ್ನು ಬಂದ ಹಾಗೇ ಬರೆದು, ಕೆಳಗೆ ಸಹಿ ಮಾಡಿ, ಸಾವಕಾರ್ರ ಮೇಜಿನ ಮೇಲೆ ಇಟ್ಟೆ. ಆ ದಿನ ಎಣ್ಣೆ ಮಾತ್ರ ಫೇಲಾಯಿತು.